‘ನಿಲ್ಲು’ ಎಂಬುದನ್ನು ಮರೆಯದ ಯಂತ್ರ

ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ರಸ್ತೆಯ ಎರಡು ಮಗ್ಗುಲಿನ ಹೊಲಗಳನ್ನು ನೋಡುತ್ತ ಸಾಗಿದರೆ, ಬತ್ತದ ಗದ್ದೆಯಾಗಲಿ ಹತ್ತಿಯ ಹೊಲವಾಗಲಿ ಮೆಣಸಿನ ಗಿಡಗಳ ಸಾಲಾಗಲಿ, ಬದುವಿನ ಅಂಚಿನಲ್ಲಿ ಒಂದು ಕಂಬ, ಆ ಕಂಬಕ್ಕೆ ಬಿಗಿದ ಒಂದು ತಗಡಿನ ಪೆಟ್ಟಿಗೆ ಅಲ್ಲಲ್ಲಿ ಕಣ್ಣಿಗೆ ಬೀಳುವುದು. ಯಾದಗಿರಿಯ ಸುತ್ತ, ಭೀಮಾ ನದಿಯ ದಂಡೆಯಲ್ಲಿಯೂ ಇದೇ ನೋಟ. ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಹಸಿರು ಗುಂಡಿಯೊಂದು, ಕೆಂಪು ಗುಂಡಿಯೊಂದು. ಹಸಿರನ್ನು ಒತ್ತಿದರೆ ಪಂಪು ತಿರುಗುವುದು. ಕೆಂಪನ್ನು ಒತ್ತಿದರೆ ನಿಲ್ಲುವುದು. ಇಷ್ಟನ್ನು ಊರಿನ ಮಕ್ಕಳೆಲ್ಲರೂ ಬಲ್ಲರು. ಆದರೆ ನಮ್ಮ ತರುಣ ವಾಚಕರನ್ನು ನಾವು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಈ ಪೆಟ್ಟಿಗೆಗೆ ನೆನಪು ಎಂಬುದು ಉಂಟೆ? ಉಂಟಾದರೆ ಅದು ಎಷ್ಟು ಹೊತ್ತಿನ ನೆನಪು? ವಿದ್ಯುತ್ತು ಹೋಗಿ ಮತ್ತೆ ಬಂದಾಗ ಅದು ಯಾವುದನ್ನು ನೆನೆಯಬೇಕು, ಯಾವುದನ್ನು ಮರೆಯಬೇಕು?

ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಇದಕ್ಕೆ ಸರಿಯಾದ ಉತ್ತರ ದೊರೆತರೆ ಒಂದು ಬೆಳೆ ಉಳಿದೀತು, ಒಂದು ಮೋಟಾರು ಉಳಿದೀತು, ಕೆಲವೊಮ್ಮೆ ಒಂದು ಜೀವವೇ ಉಳಿದೀತು. ವಿಜ್ಞಾನದ ಪಾಠವೆಂದರೆ ದೂರದ ಪ್ರಯೋಗಶಾಲೆಗಳ ಕಥೆಯೆಂದು ತಿಳಿದಿರುವ ವಿದ್ಯಾರ್ಥಿಗಳಿಗೆ, ತಮ್ಮ ಹೊಲದ ಬದುವಿನ ಮೇಲೆಯೇ ಅಂಥದೊಂದು ಪಾಠವು ತೂಗಾಡುತ್ತಿದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಪೆಟ್ಟಿಗೆಯ ಒಳಗನ್ನು ನೋಡೋಣ. ಹಸಿರು ಗುಂಡಿಯನ್ನು ಒತ್ತಿ ಬೆರಳನ್ನು ತೆಗೆದಮೇಲೂ ಪಂಪು ತಿರುಗುತ್ತಲೇ ಇರುವುದಷ್ಟೆ? ಗುಂಡಿಯಾದರೋ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬಂದಿರುತ್ತದೆ. ಹಾಗಾದರೆ ‘ತಿರುಗು’ ಎಂಬ ಅಪ್ಪಣೆಯನ್ನು ಹಿಡಿದಿಟ್ಟವರು ಯಾರು? ಪೆಟ್ಟಿಗೆಯೊಳಗೆ ತಂತಿಯ ಸುರುಳಿಯೊಂದುಂಟು. ಅದರಲ್ಲಿ ವಿದ್ಯುತ್ತು ಹರಿದಾಗ ಅದು ಕಾಂತವಾಗಿ ಒಂದು ಕಬ್ಬಿಣದ ತುಂಡನ್ನು ಎಳೆದುಕೊಳ್ಳುವುದು. ಆ ತುಂಡು ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಕೂಡಿಸುವುದರ ಜೊತೆಗೆ ಇನ್ನೊಂದು ಚಿಕ್ಕ ಜೋಡಣೆಯನ್ನೂ ಕೂಡಿಸುವುದು. ಈ ಚಿಕ್ಕ ಜೋಡಣೆ ಹಸಿರು ಗುಂಡಿಗೆ ಪರ್ಯಾಯವಾದ ದಾರಿ. ಒಮ್ಮೆ ಅದು ಕೂಡಿತೆಂದರೆ ಸುರುಳಿಯು ತನ್ನ ವಿದ್ಯುತ್ತನ್ನು ತಾನೇ ಪಡೆದುಕೊಳ್ಳುವುದು. ಬೆರಳಿನ ಹಂಗು ಅದಕ್ಕೆ ಬೇಡ. ಕೆಂಪು ಗುಂಡಿ ಆ ದಾರಿಯನ್ನು ಕಡಿಯುವುದು. ಸುರುಳಿ ಸಡಿಲಾಗುವುದು, ಪಂಪು ನಿಲ್ಲುವುದು.

ಹೀಗೆ ನೋಡಿದರೆ ಸ್ಟಾರ್ಟರಿನ ಪೆಟ್ಟಿಗೆಗೆ ನೆನಪು ನಿಶ್ಚಯವಾಗಿಯೂ ಉಂಟು. ಅದು ‘ತಿರುಗು’ ಅಥವಾ ‘ನಿಲ್ಲು’ ಎಂಬ ಎರಡರಲ್ಲಿ ಒಂದನ್ನು ನೆನಪಿಡಬಲ್ಲುದು. ಗಣಕಯಂತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಒಂದು ಬಿಟ್ ಸ್ಮೃತಿ. ಆದರೆ ಈ ನೆನಪಿಗೆ ವಿದ್ಯುತ್ತೇ ಉಸಿರು. ಒಂದು ಕ್ಷಣ ವಿದ್ಯುತ್ತು ಹೋಯಿತೆಂದರೆ ಕಬ್ಬಿಣದ ತುಂಡು ಕಳಚಿ ಬೀಳುವುದು. ವಿದ್ಯುತ್ತು ಮತ್ತೆ ಬಂದಾಗ ಪೆಟ್ಟಿಗೆಯು ಏನನ್ನೂ ಅರಿಯದ ಹಸುಳೆಯಂತೆ ಸುಮ್ಮನಿರುವುದು.

ಇದು ದೋಷವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಇದನ್ನು ರಚಿಸಿದವರು ಬೇಕೆಂದೇ ಹೀಗೆ ರಚಿಸಿದರು. ವಿದ್ಯುತ್ತು ಹೋಗಿದೆಯೆಂದು ಪಂಪಿನ ಬಳಿ ಕುಳಿತು ಪಟ್ಟಿಯನ್ನೋ ತಂತಿಯನ್ನೋ ಸರಿಪಡಿಸುತ್ತಿರುವವನ ಕೈಯಡಿಯಲ್ಲಿ ಯಂತ್ರವು ತಾನಾಗಿ ತಿರುಗತೊಡಗಿದರೆ ಅವನ ಗತಿಯೇನು? ಆದಕಾರಣವೇ ಯಂತ್ರವು ಮರೆಯಲಿ, ಮನುಷ್ಯನು ಬಂದು ಮತ್ತೆ ಅಪ್ಪಣೆ ಕೊಡಲಿ ಎಂಬುದು ಹಳೆಯ ಇಂಜಿನಿಯರುಗಳ ತೀರ್ಮಾನ. ಇಲ್ಲಿ ಮರೆವೇ ಒಂದು ಕಾವಲು.

ಆದರೆ ಈ ಕಾವಲು ಯಾವ ಊರಿನಲ್ಲಿ ವಿದ್ಯುತ್ತು ಹಗಲೂ ರಾತ್ರಿಯೂ ಇರುವುದೋ ಅಲ್ಲಿ ಮಾತ್ರ ಸುಖವಾಗಿ ನಡೆಯತಕ್ಕದ್ದು. ನಮ್ಮ ಸೀಮೆಯ ಹೊಲಗಳಿಗೆ ತ್ರೀಫೇಸ್ ವಿದ್ಯುತ್ತು ದಿನವಿಡೀ ದೊರೆಯುವುದಿಲ್ಲ. ಗೊತ್ತುಮಾಡಿದ ಕೆಲವು ತಾಸುಗಳಲ್ಲಿ, ಪಾಳಿಯ ಮೇಲೆ ಬರುವುದು. ಪಾಳಿಯು ಹಲವು ಸಲ ರಾತ್ರಿಯ ಹೊತ್ತಿಗೆ ಬೀಳುವುದು. ಬಂದ ವಿದ್ಯುತ್ತು ನಡುನಡುವೆ ಹೋಗುವುದೂ ಉಂಟು. ಹೋದಾಗಲೆಲ್ಲ ಪೆಟ್ಟಿಗೆ ಮರೆಯುವುದು. ಮರೆತಾಗಲೆಲ್ಲ ರೈತನು ಎದ್ದು ಹೊಲಕ್ಕೆ ನಡೆಯಬೇಕು. ಈ ಭಾಗದ ಯಾವ ರೈತರನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ: “ನಡುರಾತ್ರಿ ಕರೆಂಟ್ ಬರ್ತದ್ರಿ. ಹಾವು ಚೇಳು ತಿರುಗಾಡೋ ಹೊತ್ತಿನ್ಯಾಗ ಎಷ್ಟು ಸಲ ಹೊಲಕ್ಕ ಹೋಗಬೇಕ್ರಿ?” ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಒದ್ದೆಯ ಬದುವಿನ ಮೇಲೆ ಬ್ಯಾಟರಿ ದೀಪವನ್ನು ಹಿಡಿದು ನಡೆಯುವವನಿಗೆ ಹಾವಿನ ಭಯ ಒಂದು ಕಡೆ, ಒದ್ದೆಗೈಯಿಂದ ಪೆಟ್ಟಿಗೆಯನ್ನು ಮುಟ್ಟಬೇಕಾದ ಭಯ ಇನ್ನೊಂದು ಕಡೆ.

ಈ ಕಷ್ಟಕ್ಕೆ ಪೇಟೆಯಲ್ಲಿ ಒಂದು ಪರಿಹಾರ ಸಿಕ್ಕುವುದು. ರೈತರು ಅದನ್ನು ‘ಆಟೋ’ ಎಂದು ಕರೆಯುವರು. ಅದರ ಸರಳ ಬಗೆಯು ಮಾಡುವ ಕೆಲಸ ಇಷ್ಟೆ: ವಿದ್ಯುತ್ತು ಬಂದೊಡನೆ, ಅಥವಾ ಕೆಲವು ಸೆಕೆಂಡುಗಳ ತರುವಾಯ, ಹಸಿರು ಗುಂಡಿಯನ್ನು ತಾನೇ ಒತ್ತಿದಂತೆ ಮಾಡುವುದು. ರೈತನು ಮನೆಯಲ್ಲಿ ಮಲಗಿರುತ್ತಾನೆ, ಹೊಲಕ್ಕೆ ನೀರು ಹರಿಯುತ್ತದೆ. ಇದನ್ನು ಕಂಡವರು ‘ಪೆಟ್ಟಿಗೆಗೆ ಈಗ ನೆನಪು ಬಂತು’ ಎಂದುಕೊಳ್ಳುವರು. ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ.

ಇದು ನೆನಪಲ್ಲ, ಬರಿಯ ಹಟ. ನೆನಪೆಂದರೆ ಹಿಂದೆ ನಡೆದುದಕ್ಕೆ ತಕ್ಕಂತೆ ಮುಂದೆ ನಡೆಯುವುದು. ಕೊನೆಯ ಅಪ್ಪಣೆ ‘ತಿರುಗು’ ಎಂದಾಗಿದ್ದರೆ ತಿರುಗಬೇಕು, ‘ನಿಲ್ಲು’ ಎಂದಾಗಿದ್ದರೆ ನಿಂತೇ ಇರಬೇಕು. ಈ ಸರಳ ಸಾಧನವಾದರೋ ಹಿಂದಿನ ಅಪ್ಪಣೆ ಏನಾಗಿತ್ತೆಂಬುದನ್ನು ಕೇಳುವುದೇ ಇಲ್ಲ. ಸಂಜೆ ರೈತನು ಕೆಂಪು ಗುಂಡಿಯನ್ನು ಒತ್ತಿ ಪಂಪನ್ನು ನಿಲ್ಲಿಸಿ ತಂತಿಯ ಗಂಟನ್ನು ಬಿಚ್ಚುತ್ತ ಕುಳಿತಿದ್ದಾನೆಂದು ಭಾವಿಸೋಣ. ವಿದ್ಯುತ್ತು ಹೋಗಿ ಮರಳಿ ಬಂದರೆ ಈ ಸಾಧನವು ಎಂದಿನಂತೆಯೇ ಪಂಪನ್ನು ಹೊರಡಿಸುವುದು. ಅದನ್ನು ಕೈಯಿಂದ ‘ಆಟೋ’ ಸ್ಥಾನದಿಂದ ತಪ್ಪಿಸಿದ್ದರೆ ಮಾತ್ರ ಅವನು ಬದುಕಿದ. ತಪ್ಪಿಸಲು ಮರೆತಿದ್ದರೆ? ಯಂತ್ರದ ಮರೆವನ್ನು ಮನುಷ್ಯನ ನೆನಪಿನಿಂದ ತುಂಬಬೇಕೆನ್ನುವ ರಚನೆ ಒಳ್ಳೆಯ ರಚನೆಯಲ್ಲ.

ಇಲ್ಲಿಂದ ನಮ್ಮ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇವೆ. ಯಂತ್ರಕ್ಕೆ ಕೊಡುವ ಎರಡು ಅಪ್ಪಣೆಗಳು ಸರಿಸಮಾನವಲ್ಲ. ‘ತಿರುಗು’ ಎಂಬುದನ್ನು ಯಂತ್ರ ಮರೆತರೆ ಒಂದು ರಾತ್ರಿಯ ನೀರು ತಪ್ಪೀತು. ‘ನಿಲ್ಲು’ ಎಂಬುದನ್ನು ಮರೆತರೆ ಒಂದು ಮನೆಯ ದೀಪವೇ ನಂದೀತು. ಆದುದರಿಂದ ವಿದ್ಯುತ್ತು ಹೋಗಿ ಬಂದರೂ ತನ್ನ ಸ್ಥಿತಿಯನ್ನು ನೆನಪಿಡುವ ಮಂಡಲವನ್ನು ರಚಿಸುವವನು ಮೊದಲು ಮಾಡಬೇಕಾದುದು ‘ನಿಲ್ಲು’ ಎಂಬುದರ ನೆನಪಿನ ಏರ್ಪಾಟು. ‘ತಿರುಗು’ ಎಂಬುದರ ಸೌಕರ್ಯ ಅನಂತರದ್ದು.

ಇಂಥ ನೆನಪನ್ನು ಕಟ್ಟುವುದು ಹೇಗೆ? ಈ ಸಮಸ್ಯೆಯನ್ನು ಎದುರಿಸಿದವರಲ್ಲಿ ನಾವು ಮೊದಲಿಗರಲ್ಲ. ೧೯೧೮ರಲ್ಲಿ ಇಂಗ್ಲೆಂಡಿನ ಎಕ್ಲ್ಸ್ ಮತ್ತು ಜಾರ್ಡನ್ ಎಂಬ ಇಬ್ಬರು ಎರಡು ನಿರ್ವಾತ ಕೊಳವೆಗಳನ್ನು ಒಂದಕ್ಕೊಂದು ಎದುರುಬದುರಾಗಿ ಜೋಡಿಸಿ, ಒಂದು ಹೊತ್ತಿದ್ದಾಗ ಇನ್ನೊಂದು ಆರಿರುವಂಥ ಮಂಡಲವನ್ನು ರಚಿಸಿದರು. ಇಂದಿನ ಗಣಕಗಳ ಅತಿವೇಗದ ಸ್ಮೃತಿಗಳಲ್ಲಿ ಕೆಲಸ ಮಾಡುತ್ತಿರುವುದು ಇದೇ ತತ್ತ್ವ; ಕೊಳವೆಗಳ ಸ್ಥಾನದಲ್ಲಿ ಟ್ರಾನ್ಸಿಸ್ಟರುಗಳು ಬಂದಿವೆ, ಅಷ್ಟೆ. ಆದರೆ ಇದೂ ನಮ್ಮ ಸ್ಟಾರ್ಟರಿನ ಸುರುಳಿಯ ಜಾತಿಯದೇ. ವಿದ್ಯುತ್ತು ಇರುವವರೆಗೆ ನೆನಪು, ಹೋದೊಡನೆ ಶೂನ್ಯ.

ವಿದ್ಯುತ್ತಿಲ್ಲದೆಯೂ ಉಳಿಯುವ ನೆನಪು ಬೇಕಾದರೆ, ಎರಡು ಸ್ಥಿತಿಗಳಲ್ಲಿ ಯಾವುದರಲ್ಲಿಯಾದರೂ ಖರ್ಚಿಲ್ಲದೆ ನಿಲ್ಲಬಲ್ಲ ಒಂದು ವಸ್ತು ಬೇಕು. ಕಾಂತವು ಅಂಥದೊಂದು ವಸ್ತು. ೧೯೫೩ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವರ್ಲ್‌ವಿಂಡ್ ಎಂಬ ಗಣಕದಲ್ಲಿ ಫೆರೈಟಿನ ಚಿಕ್ಕ ಚಿಕ್ಕ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ ಸ್ಮೃತಿಯನ್ನು ಕಟ್ಟಿದರು. ಉಂಗುರದ ಕಾಂತತ್ವವು ಬಲಕ್ಕೆ ಸುತ್ತಿದ್ದರೆ ಒಂದು ಅರ್ಥ, ಎಡಕ್ಕೆ ಸುತ್ತಿದ್ದರೆ ಇನ್ನೊಂದು. ವಿದ್ಯುತ್ತನ್ನು ತೆಗೆದರೂ ಕಾಂತತ್ವ ಅಲ್ಲಿಯೇ ಉಳಿಯುವುದು. ನಮ್ಮ ದೇಶದಲ್ಲಿಯೇ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕಟ್ಟಿ ೧೯೬೦ರಲ್ಲಿ ಕೆಲಸಕ್ಕೆ ಹಚ್ಚಿದ ಟಿಫ್ರಾಕ್ ಎಂಬ ಗಣಕದ ಸ್ಮೃತಿಯೂ ಇಂಥ ಉಂಗುರಗಳದೇ ಆಗಿತ್ತು. ಅದರಲ್ಲಿ ೪೦ ಬಿಟ್‌ಗಳ ೨೦೪೮ ಪದಗಳಿಗೆ ಸ್ಥಳವಿತ್ತು. ಇಂದು ಒಂದು ಸಣ್ಣ ಚಿತ್ರಕ್ಕೂ ಸಾಲದ ಸ್ಥಳ ಅದು; ಆದರೆ ಅಂದು ನಮ್ಮವರು ತಮ್ಮ ಕೈಯಿಂದ ಕಟ್ಟಿದ ನೆನಪು.

ಇದೇ ಕಾಂತದ ಗುಣವನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯ ಮೇಜಿನ ಮೇಲೆ ಪರೀಕ್ಷಿಸಬಹುದು. ಇದಕ್ಕೆ ಬೇಕಾದುದು ‘ಲ್ಯಾಚಿಂಗ್ ರಿಲೇ’ ಎಂಬ ಬಿಡಿಭಾಗ. ಸಾಮಾನ್ಯ ರಿಲೇಯಲ್ಲಿ ಸುರುಳಿಯ ವಿದ್ಯುತ್ತು ನಿಂತೊಡನೆ ಕಬ್ಬಿಣದ ನಾಲಗೆಯು ಹಿಂದಕ್ಕೆ ಬರುವುದು. ಲ್ಯಾಚಿಂಗ್ ರಿಲೇಯೊಳಗೆ ಒಂದು ಶಾಶ್ವತ ಕಾಂತವಿದ್ದು, ನಾಲಗೆಯು ಯಾವ ಕಡೆಗೆ ವಾಲಿದರೂ ಅದನ್ನು ಅಲ್ಲಿಯೇ ಹಿಡಿದಿಡುವುದು. ಎರಡು ಸುರುಳಿಗಳ ಬಗೆಯಲ್ಲಿ ಒಂದು ಸುರುಳಿಗೆ ಸೆಕೆಂಡಿನ ಸಣ್ಣದೊಂದು ಅಂಶದಷ್ಟು ಹೊತ್ತು ವಿದ್ಯುತ್ತನ್ನು ಕೊಟ್ಟರೆ ನಾಲಗೆ ಈ ಕಡೆಗೆ, ಇನ್ನೊಂದಕ್ಕೆ ಕೊಟ್ಟರೆ ಆ ಕಡೆಗೆ. ಅನಂತರ ವರ್ಷಗಟ್ಟಲೆ ವಿದ್ಯುತ್ತು ಇಲ್ಲದಿದ್ದರೂ ಅದು ಕದಲದು.

ಜೋಡಣೆ ಬಹು ಸರಳ. ೧೨ ವೋಲ್ಟಿನ, ಎರಡು ಸುರುಳಿಗಳ ಲ್ಯಾಚಿಂಗ್ ರಿಲೇ ಒಂದು, ಒಂದೂವರೆ ವೋಲ್ಟಿನ ಎಂಟು ಸೆಲ್ಲುಗಳು ಸಾಲಾಗಿ, ಹಸಿರು ಕೆಂಪು ಒತ್ತುಗುಂಡಿಗಳು ಎರಡು, ಡಯೋಡುಗಳು ಎರಡು, ಒಂದು ಎಲ್‌ಇಡಿ ದೀಪ, ಅದಕ್ಕೆ ೧೦೦೦ ಓಮಿನ ರೋಧ. ಎರಡು ಸುರುಳಿಗಳ ಧನತುದಿಗಳನ್ನು ಸೆಲ್ಲಿನ ಧನಧ್ರುವಕ್ಕೆ ಸೇರಿಸಿ. ಒಂದರ ಋಣತುದಿಯನ್ನು ಹಸಿರು ಗುಂಡಿಯ ಮೂಲಕವೂ, ಇನ್ನೊಂದರದನ್ನು ಕೆಂಪು ಗುಂಡಿಯ ಮೂಲಕವೂ ಋಣಧ್ರುವಕ್ಕೆ ಸೇರಿಸಿ. ಪ್ರತಿ ಸುರುಳಿಗೂ ಅಡ್ಡಲಾಗಿ ಒಂದೊಂದು ಡಯೋಡನ್ನು, ಅದರ ಪಟ್ಟೆಯಿರುವ ತುದಿ ಧನದ ಕಡೆಗೆ ಬರುವಂತೆ ಬೆಸೆಯಿರಿ. ಗುಂಡಿಯನ್ನು ಬಿಟ್ಟಾಗ ಸುರುಳಿಯಲ್ಲಿ ಹುಟ್ಟುವ ಹೆಚ್ಚಿನ ವೋಲ್ಟೇಜನ್ನು ಅದು ನುಂಗುವುದು. ರಿಲೇಯ ಸಂಪರ್ಕದ ಮೂಲಕ ದೀಪವನ್ನು ಹಾಯಿಸಿ. ಸುರುಳಿಗಳ ಧನಋಣದ ಗುರುತುಗಳು ರಿಲೇಯ ಮೇಲಿನ ಅಥವಾ ಅದರ ವಿವರಪತ್ರದ ಚಿತ್ರದಲ್ಲಿ ಇರುವುವು. ಅವನ್ನು ನೋಡಿಯೇ ಜೋಡಿಸಬೇಕು.

ಈಗ ಹಸಿರನ್ನು ಒತ್ತಿದರೆ ದೀಪ ಹೊತ್ತುವುದು. ಸೆಲ್ಲುಗಳನ್ನು ತೆಗೆದು ಊಟ ಮಾಡಿ ಬಂದು ಮತ್ತೆ ಹಾಕಿ. ದೀಪ ತಾನಾಗಿ ಹೊತ್ತುವುದು. ಕೆಂಪನ್ನು ಒತ್ತಿ, ಸೆಲ್ಲುಗಳನ್ನು ತೆಗೆದು ಹಾಕಿ. ದೀಪ ಆರಿಯೇ ಇರುವುದು. ಕೊನೆಯ ಅಪ್ಪಣೆ ಯಾವುದೋ ಅದೇ ಉಳಿಯಿತು. ನಾವು ಬಯಸಿದ ನೆನಪು ದೊರೆಯಿತಲ್ಲವೆ?

ಇನ್ನೂ ಪೂರ್ತಿ ದೊರೆಯಲಿಲ್ಲ. ಮೂರನೆಯ ಪರೀಕ್ಷೆಯೊಂದನ್ನು ಮಾಡಿರಿ. ದೀಪ ಹೊತ್ತಿರುವಾಗ ಸೆಲ್ಲುಗಳನ್ನು ತೆಗೆಯಿರಿ. ದೀಪ ಆರಿದ ಆ ಸ್ಥಿತಿಯಲ್ಲಿ ಕೆಂಪು ಗುಂಡಿಯನ್ನು ಚೆನ್ನಾಗಿ ಒತ್ತಿರಿ. ಈಗ ಸೆಲ್ಲುಗಳನ್ನು ಹಾಕಿರಿ. ದೀಪ ಹೊತ್ತುವುದು! ‘ನಿಲ್ಲು’ ಎಂದು ನೀವು ಹೇಳಿದಿರಿ. ಹೇಳಿದಾಗ ಅದಕ್ಕೆ ಕಿವಿಯಿರಲಿಲ್ಲ. ಸುರುಳಿಯನ್ನು ಎಳೆಯಲು ಬೇಕಾದ ವಿದ್ಯುತ್ತು ಆ ಕ್ಷಣದಲ್ಲಿ ಇರಲಿಲ್ಲ. ಹೊಲದಲ್ಲಿ ಮನುಷ್ಯನು ಪಂಪಿನ ಬಳಿಗೆ ಹೋಗಿ ಕೆಂಪು ಗುಂಡಿಯನ್ನು ಒತ್ತುವುದು ಎಷ್ಟೋ ಸಲ ವಿದ್ಯುತ್ತು ಇಲ್ಲದಾಗಲೇ ಎಂಬುದನ್ನು ಯೋಚಿಸಿದರೆ ಈ ದೋಷದ ಭಾರ ತಿಳಿಯುವುದು. ಕಾಗದದ ಮೇಲೆ ಕುಂದಿಲ್ಲವೆಂದು ತೋರಿದ ಮಂಡಲವೊಂದು ಅತ್ಯವಶ್ಯವಾದ ಗಳಿಗೆಯಲ್ಲಿಯೇ ಕೈಕೊಟ್ಟಿತು.

ಪರಿಹಾರವೇನು? ಒಂದು ಸಣ್ಣ ಬ್ಯಾಟರಿಯನ್ನು ಜೊತೆಗೆ ಇಡಬಹುದು. ಆದರೆ ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ನಮ್ಮ ಸೀಮೆಯ ಬಿಸಿಲಿನಲ್ಲಿ, ತಗಡಿನ ಪೆಟ್ಟಿಗೆಯೊಳಗೆ, ಬ್ಯಾಟರಿಯ ಆಯುಷ್ಯವನ್ನು ನೆಚ್ಚಿ ಜೀವವನ್ನು ಒಪ್ಪಿಸಲಾಗದು. ಇದಕ್ಕಿಂತ ಸರಳವೂ ಹಳೆಯದೂ ಆದ ಉಪಾಯವೊಂದುಂಟು. ಒತ್ತಿದರೆ ಒಳಗೇ ಕಚ್ಚಿಕೊಂಡು ನಿಲ್ಲುವ, ತಿರುವಿದರೆ ಮಾತ್ರ ಹೊರಬರುವ, ಅಣಬೆಯ ಆಕಾರದ ಕೆಂಪು ಗುಂಡಿಯನ್ನು ಕಾರ್ಖಾನೆಗಳಲ್ಲಿ ನೋಡಬಹುದು. ಅದರ ನೆನಪು ಇರುವುದು ಸ್ಪ್ರಿಂಗು ಮತ್ತು ಕೊಕ್ಕೆಯಲ್ಲಿ. ವಿದ್ಯುತ್ತು ಇರಲಿ ಇಲ್ಲದಿರಲಿ, ಅದು ಕೇಳಿಸಿಕೊಳ್ಳುವುದು. ಇದನ್ನು ರಿಲೇಯ ಸಂಪರ್ಕದೊಡನೆ ಸಾಲಾಗಿ ಸೇರಿಸಿದರೆ ‘ನಿಲ್ಲು’ ಎಂಬ ಮಾತು ಎಂದೂ ಕಳೆದುಹೋಗದು. ಮನೆಯ ಗೋಡೆಯ ಮೇಲಿನ ಸ್ವಿಚ್ಚು ಕೂಡ ಇದೇ ಬಗೆಯ ನೆನಪು. ಹೊಸದನ್ನು ಕಲಿಯುವ ಉತ್ಸಾಹದಲ್ಲಿ ಹಳೆಯದರ ವಿವೇಕವನ್ನು ಕಡೆಗಣಿಸಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಹೀಗೆ ಸಾಲಾಗಿ ಕೂಡಿಸಬೇಕಾದ ಕೊಂಡಿಗಳು ಇನ್ನೂ ಎರಡುಂಟು. ಒಂದು, ಮೂರು ಫೇಸುಗಳೂ ಸರಿಯಾಗಿ ಇವೆಯೆ ಎಂದು ನೋಡುವ ರಿಲೇ. ಒಂದು ಫೇಸು ತಪ್ಪಿದಾಗ ಹೊರಟ ಮೋಟಾರು ಬೇಗ ಸುಟ್ಟುಹೋಗುವುದು. ಇನ್ನೊಂದು, ತಡಮಾಡುವ ಟೈಮರ್. ನೇರವಾಗಿ ಹೊರಡಿಸಿದ ಮೋಟಾರು ಹೊರಡುವ ಗಳಿಗೆಯಲ್ಲಿ ತನ್ನ ಪೂರ್ಣಭಾರದ ಪ್ರವಾಹದ ಐದಾರು ಪಟ್ಟು ಪ್ರವಾಹವನ್ನು ಎಳೆಯುವುದು. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಪಂಪುಗಳೆಲ್ಲವೂ ವಿದ್ಯುತ್ತು ಬಂದ ಅದೇ ಕ್ಷಣದಲ್ಲಿ ಒಟ್ಟಿಗೆ ಹೊರಟರೆ ವೋಲ್ಟೇಜು ಕುಸಿಯುವುದು, ಟ್ರಾನ್ಸ್‌ಫಾರ್ಮರಿಗೆ ಪೆಟ್ಟು ಬೀಳುವುದು; ಆಮೇಲೆ ಯಾರ ಹೊಲಕ್ಕೂ ನೀರಿಲ್ಲ. ಒಬ್ಬರ ಟೈಮರು ಒಂದು ನಿಮಿಷಕ್ಕೆ, ನೆರೆಯವರದು ಎರಡು ನಿಮಿಷಕ್ಕೆ ಎಂದು ಮಾತಾಡಿಕೊಂಡರೆ ಎಲ್ಲರಿಗೂ ಕ್ಷೇಮ. ಆ ನಿಮಿಷದುದ್ದಕ್ಕೂ ಒಂದು ಗಂಟೆ ಬಾರಿಸುತ್ತಿದ್ದರೆ ಹತ್ತಿರ ಇರುವವನು ದೂರ ಸರಿಯಲು, ಕೆಂಪು ಗುಂಡಿಯನ್ನು ಒತ್ತಲು ಹೊತ್ತು ಸಿಕ್ಕುವುದು. ಈ ಸರಪಣಿಯಲ್ಲಿ ತಿರುಗಲು ಎಲ್ಲರ ಒಪ್ಪಿಗೆ ಬೇಕು, ನಿಲ್ಲಲು ಒಬ್ಬರ ಮಾತು ಸಾಕು.

ಎಲೆಕ್ಟ್ರಾನಿಕ್ಸನ್ನು ಅಭ್ಯಾಸ ಮಾಡುವ ಕಾಲೇಜು ವಿದ್ಯಾರ್ಥಿಗಳು ಇದನ್ನೇ ಮೈಕ್ರೋಕಂಟ್ರೋಲರಿನಿಂದ ಮಾಡಬಯಸುವರು. ಮಾಡಲಿ, ಆದರೆ ಲೆಕ್ಕ ಹಾಕಿ ಮಾಡಲಿ. ೧೯೬೭ರಲ್ಲಿ ಬೆಲ್ ಪ್ರಯೋಗಶಾಲೆಯ ದಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬವರು, ಸುತ್ತಲೂ ನಿರೋಧಕದಿಂದ ಮುಚ್ಚಿದ ಒಂದು ಸಣ್ಣ ದ್ವೀಪದಲ್ಲಿ ಇಲೆಕ್ಟ್ರಾನುಗಳನ್ನು ಸೆರೆಹಿಡಿಯಬಹುದೆಂದು ತೋರಿಸಿದರು. ವಿದ್ಯುತ್ತು ಹೋದರೂ ಸೆರೆಯಾದ ಇಲೆಕ್ಟ್ರಾನುಗಳು ಅಲ್ಲಿಯೇ ಇರುವುವು. ಇಂದಿನ ಫ್ಲ್ಯಾಷ್, ಈಈಪ್ರಾಮ್ ಸ್ಮೃತಿಗಳಿಗೆ ಇದೇ ಮೂಲ. ವಿದ್ಯಾರ್ಥಿಗಳಿಗೆ ಪರಿಚಿತವಾದ ಅರ್ಡುಯಿನೊ ಯೂನೊ ಹಲಗೆಯ ಎಟಿಮೆಗಾ ೩೨೮ಪಿ ಚಿಪ್‌ನಲ್ಲಿ ೧೦೨೪ ಬೈಟುಗಳ ಈಈಪ್ರಾಮ್ ಇದೆ. ತಯಾರಕರ ಪ್ರಕಾರ ಅದು ೨೫ ಡಿಗ್ರಿಯ ತಂಪಿನಲ್ಲಿ ೧೦೦ ವರ್ಷ, ೮೫ ಡಿಗ್ರಿಯ ಬಿಸಿಯಲ್ಲಿ ೨೦ ವರ್ಷ ನೆನಪಿಡಬಲ್ಲುದು. ನಮ್ಮ ಬಿಸಿಲಿಗೆ ಹೆದರಬೇಕಾಗಿಲ್ಲ.

ಹೆದರಬೇಕಾದುದು ಬರೆಯುವವನ ಅವಿವೇಕಕ್ಕೆ. ಆ ಸ್ಮೃತಿಯ ಒಂದು ಮನೆಯಲ್ಲಿ ಸುಮಾರು ೧,೦೦,೦೦೦ ಸಲ ಅಳಿಸಿ ಬರೆಯಬಹುದು. ಪಂಪಿನ ಸ್ಥಿತಿಯನ್ನು ಸೆಕೆಂಡಿಗೊಮ್ಮೆ ಬರೆಯುವಂತೆ ಕಾರ್ಯಕ್ರಮ ರಚಿಸಿದರೆ ೨೮ ಗಂಟೆಗಳೊಳಗೆ ಆ ಮಿತಿ ಮುಗಿಯುವುದು. ಅಪ್ಪಣೆ ಬದಲಾದಾಗ ಮಾತ್ರ ಬರೆದರೆ, ದಿನಕ್ಕೆ ಹತ್ತು ಸಲವೆಂದು ಹಿಡಿದರೂ ೧೦,೦೦೦ ದಿನ, ಎಂದರೆ ೨೭ ವರ್ಷ ಬಾಳುವುದು. ಇನ್ನೊಂದು ಮಾತು. ಒಂದು ಬೈಟನ್ನು ಬರೆಯಲು ಸುಮಾರು ಮೂರೂವರೆ ಮಿಲಿಸೆಕೆಂಡು ಬೇಕು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಅಕ್ಷರ ಅರ್ಧವಾಗುವುದು. ೧೦೦೦ ಮೈಕ್ರೋಫ್ಯಾರಡಿನ ಕೆಪಾಸಿಟರೊಂದನ್ನು ಜೊತೆಗಿಟ್ಟರೆ, ಮಂಡಲವು ೨೦ ಮಿಲಿಆಂಪಿಯರನ್ನು ಎಳೆಯುತ್ತಿದ್ದಾಗ, ವೋಲ್ಟೇಜು ೫ರಿಂದ ೪ಕ್ಕೆ ಇಳಿಯಲು ೫೦ ಮಿಲಿಸೆಕೆಂಡು ಹಿಡಿಯುವುದು. ಹಿಡಿದ ಕೆಲಸವನ್ನು ಮುಗಿಸಲು ಅದು ಧಾರಾಳ. ಹೊಸ ಚಿಪ್‌ನ ಬರಿದಾದ ಮನೆಯಲ್ಲಿ ೨೫೫ ಎಂಬ ಅಂಕವಿರುವುದು. ಆದುದರಿಂದ ‘ತಿರುಗು’ ಎಂಬುದಕ್ಕೆ ವಿಶಿಷ್ಟವಾದ ಒಂದೇ ಅಂಕವನ್ನು ಗೊತ್ತುಮಾಡಿ, ಉಳಿದ ಯಾವ ಅಂಕ ಕಂಡರೂ ‘ನಿಲ್ಲು’ ಎಂದೇ ಓದುವಂತೆ ಮಾಡಬೇಕು. ಸಂಶಯ ಬಂದಲ್ಲಿ ನಿಲ್ಲುವುದೇ ಧರ್ಮ.

ನೆನಪಿಗೆ ಒಂದು ಎಲ್ಲೆಯೂ ಉಂಟು. ಇದನ್ನು ತಿಳಿಯಲು ಹೊಲದ ಪಂಪಿನಿಂದ ದೊಡ್ಡ ಕಾಲುವೆಯ ಕಡೆಗೆ ನೋಡಬೇಕು. ಬಸವಸಾಗರದಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣದ ಕಾಮಗಾರಿಯನ್ನು ೨೦೨೩ರ ಜನವರಿ ೧೯ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಯವರು ಉದ್ಘಾಟಿಸಿದರು. ೧೦,೦೦೦ ಕ್ಯೂಸೆಕ್ ನೀರನ್ನು ಒಯ್ಯಬಲ್ಲ, ನಾಲ್ಕೂವರೆ ಲಕ್ಷ ಹೆಕ್ಟೇರಿಗೆ ನೀರುಣಿಸಬಲ್ಲ ಕಾಲುವೆ ಅದು. ಅದರ ಬಾಗಿಲುಗಳನ್ನು ದೂರದಿಂದಲೇ ಅಳೆದು ನಡೆಸುವ ‘ಸ್ಕಾಡಾ’ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ತಿರುಪಿನಿಂದ ಏರಿಳಿಯುವ ಬಾಗಿಲೊಂದನ್ನು ಊಹಿಸೋಣ. ವಿದ್ಯುತ್ತು ಹೋದರೆ ತಿರುಪಿನ ಹಲ್ಲುಗಳು ಅದನ್ನು ಇದ್ದಲ್ಲಿಯೇ ಹಿಡಿಯುವುವು, ಲೋಹವೇ ನೆನಪಿಟ್ಟಂತಾಯಿತು. ಆದರೆ ವಿದ್ಯುತ್ತು ಇಲ್ಲದಾಗ ಯಾರೋ ಕೈಹಿಡಿಯಿಂದ ಬಾಗಿಲನ್ನು ಒಂದು ಗೇಣು ಎತ್ತಿದರೆಂದು ಭಾವಿಸಿ. ನಿಯಂತ್ರಕವು ‘ಬಾಗಿಲು ಇಷ್ಟೇ ತೆರೆದಿತ್ತು’ ಎಂಬ ತನ್ನ ಹಳೆಯ ನೆನಪನ್ನು ನಂಬಿದರೆ ಮೋಸಹೋಗುವುದು. ಕೊನೆಯ ಹೊಲಕ್ಕೆ ನೀರು ತಲಪದಿರಲು ಅಷ್ಟು ಸಾಕು. ಅದು ಎಚ್ಚರವಾದೊಡನೆ ಮೊದಲು ಬಾಗಿಲಿನ ಎತ್ತರವನ್ನು ಅಳೆಯಬೇಕು. ಪಂಪಿಗೂ ಇದೇ ಮಾತು. ವಿದ್ಯುತ್ತಿಲ್ಲದ ಹೊತ್ತಿನಲ್ಲಿ ಬಾವಿಯ ನೀರು ಇಳಿದಿರಬಹುದು. ಅಪ್ಪಣೆಯನ್ನು ನೆನಪಿಡಬೇಕು, ಸ್ಥಿತಿಯನ್ನು ಹೊಸದಾಗಿ ನೋಡಬೇಕು.

ಮೊಬೈಲಿನಿಂದ ಪಂಪನ್ನು ನಡೆಸುವ ಸಾಧನಗಳು ಪೇಟೆಗೆ ಬಂದಿರುವಾಗ ಶಾಲೆಯ ಮಕ್ಕಳು ಇದನ್ನು ಕಟ್ಟಬೇಕಾದ ಅಗತ್ಯವೇನು ಎಂದು ಕೆಲವರು ಕೇಳಬಹುದು. ಒಳ್ಳೆಯ ಸಾಧನಗಳು ಬಂದಿರುವುದು ಸಂತೋಷವೇ. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅಂಗಡಿಯ ಮುಂದೆ ನಿಂತು ತಿಳಿಯುವವರು ಯಾರು? ‘ವಿದ್ಯುತ್ತು ಇಲ್ಲದಾಗ ಕೆಂಪು ಗುಂಡಿಯನ್ನು ಒತ್ತಿದರೆ ಇದಕ್ಕೆ ನೆನಪಿರುತ್ತದೆಯೆ?’ ಎಂಬ ಒಂದು ಪ್ರಶ್ನೆಯನ್ನು ಕೇಳಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ, ಆ ಮನೆಯವರು ಸುಲಭವಾಗಿ ಮೋಸಹೋಗರು. ಸೆಲ್ಲುಗಳನ್ನು ತೆಗೆದು ಹಾಕಿ ಮೂರು ಪರೀಕ್ಷೆಗಳನ್ನು ಮಾಡಿದ ವಿದ್ಯಾರ್ಥಿಗೆ ಆ ಪ್ರಶ್ನೆ ತಾನಾಗಿ ಹೊಳೆಯುವುದು. ಪುಸ್ತಕವನ್ನು ಬಾಯಿಪಾಠ ಮಾಡಿದವನಿಗೆ ಹೊಳೆಯದು.

ಆದಕಾರಣ ಯಾದಗಿರಿ, ಶಹಾಪುರ, ಸುರಪುರಗಳ ಪ್ರೌಢಶಾಲೆ ಮತ್ತು ಕಾಲೇಜುಗಳ ಉಪಾಧ್ಯಾಯರಲ್ಲಿ ನಮ್ಮ ವಿನಂತಿ ಇದು. ವರ್ಷಕ್ಕೊಮ್ಮೆಯಾದರೂ ಈ ಚಿಕ್ಕ ಮಂಡಲವನ್ನು ವಿದ್ಯಾರ್ಥಿಗಳ ಕೈಯಿಂದಲೇ ಕಟ್ಟಿಸಿರಿ. ಪಕ್ಕದಲ್ಲಿ ಸಾಮಾನ್ಯ ರಿಲೇಯಿಂದ ಸ್ಟಾರ್ಟರಿನ ಮಾದರಿಯನ್ನೂ ಕಟ್ಟಿಸಿ, ಒಂದು ಮರೆಯುವುದನ್ನೂ ಇನ್ನೊಂದು ನೆನೆಯುವುದನ್ನೂ ಜೊತೆಯಾಗಿ ತೋರಿಸಿರಿ. ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟಾದ ಎಚ್ಚರಿಕೆ: ನಿಮ್ಮ ಪ್ರಯೋಗ ೧೨ ವೋಲ್ಟಿನ ಸೆಲ್ಲುಗಳಲ್ಲಿಯೇ ಮುಗಿಯಬೇಕು. ಹೊಲದ ಪೆಟ್ಟಿಗೆಯಲ್ಲಿರುವುದು ೪೦೦ ವೋಲ್ಟನ್ನೂ ಮೀರಿದ ವಿದ್ಯುತ್ತು. ಅದನ್ನು ಮುಟ್ಟುವುದು ತಿಳಿದ ಎಲೆಕ್ಟ್ರಿಷಿಯನ್ನರ ಕೆಲಸ. ಯಾವ ನೆನಪಿನ ಮಂಡಲವಿದ್ದರೂ, ಪಂಪಿನ ಮೇಲೆ ಕೈಯಿಡುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಳಚಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕೆಂದು ಮನೆಯ ಹಿರಿಯರಿಗೆ ತಿಳಿಸಿ ಹೇಳಿರಿ.

ಈ ವಿದ್ಯಾರ್ಥಿಗಳಲ್ಲಿಯೇ ಕೆಲವರು ನಾಳೆ ಇಂಜಿನಿಯರುಗಳಾಗುವರು. ಅವರು ರಚಿಸುವ ಯಂತ್ರಗಳು ಇನ್ನೂ ಬಲವುಳ್ಳವಾಗಿರುವುವು, ಇನ್ನೂ ಹೆಚ್ಚಿನದನ್ನು ನೆನಪಿಡುವುವು. ಅಂದು ಕೂಡ ಅವರು ತಮ್ಮ ಯಂತ್ರವನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಿರಲಿ: ಕತ್ತಲಲ್ಲಿ, ವಿದ್ಯುತ್ತಿಲ್ಲದ ಹೊತ್ತಿನಲ್ಲಿ, ಒಬ್ಬ ರೈತನು ಒದ್ದೆಗೈಯಿಂದ ‘ನಿಲ್ಲು’ ಎಂದು ಹೇಳಿದ್ದು ನಿನಗೆ ನೆನಪಿದೆಯೆ?